ಒಂದೇ ಹೆಸರು ಹೇಳಿ: ಜಗತ್ತನ್ನು ಅತಿ ಹೆಚ್ಚು ಬದಲಿಸಿದ ಆವಿಷ್ಕಾರ ಯಾವುದು?

ಮಿಂಚುಹುಳ
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ಶುಕ್ರವಾರ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇದೆ. ಜಗತ್ತನ್ನು ಅತಿ ಹೆಚ್ಚು ಬದಲಿಸಿದ ಆವಿಷ್ಕಾರ ಒಂದನ್ನೇ ಆರಿಸಿಕೊಂಡು ಐದು ನಿಮಿಷ ವಾದ ಮಾಡಬೇಕು. ರಾತ್ರಿ ಊಟಕ್ಕೆ ಕೂತಾಗ ಶುರುವಾದ ಮಾತು ಮಲಗುವ ಹೊತ್ತಾದರೂ ಮುಗಿಯಲಿಲ್ಲ. ನಾನು ಎಡಿಸನ್, ಬಲ್ಬ್ ಅಂದೆ. ನಮ್ಮವರು ಜೇಮ್ಸ್ ವಾಟ್, ಉಗಿಯಂತ್ರ ಅಂದರು. ಮಗಳು ಎರಡನ್ನೂ ಒಪ್ಪಲಿಲ್ಲ. "ಅದೊಂದು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು, ಅದನ್ನು ಹೇಳಿ" ಎಂದು ಪಟ್ಟು ಹಿಡಿದಳು. ಸರಿಯಾದ ಪ್ರಶ್ನೆ ಅನ್ನಿಸಿತು. ನಿಮ್ಮ ಆಯ್ಕೆ ಯಾವುದು? ಒಂದೇ ಹೆಸರು ಹೇಳಿ. ಯಾಕೆ ಅಂತಲೂ ಹೇಳಿ.

ಮರಳುಕಣ
ಟ್ರಾನ್ಸಿಸ್ಟರ್, ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡುವ, ಬಿಡುವ, ತಡೆಯುವ ಪುಟ್ಟ ಸಾಧನ. ನೀವು ಇದನ್ನು ಬರೆದ ಫೋನಿನೊಳಗೇ ಅವು ನೂರಾರು ಕೋಟಿ ಇವೆ. ಬೇರೆ ವಾದ ಯಾಕೆ ಬೇಕು?

ಕರಿಹಲಗೆ
ಮೇಡಂ, ಮಗಳು ವೇದಿಕೆ ಹತ್ತುವ ಮುಂಚೆ ಎರಡು ವಿಷಯ ಸರಿ ಮಾಡಿಕೊಳ್ಳಲಿ. ಎದುರು ತಂಡದವರು ಅಲ್ಲೇ ಹಿಡಿಯುತ್ತಾರೆ.

ಮೊದಲನೆಯದು, ಬಲ್ಬು ಎಡಿಸನ್ ಒಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅದೇ ಹೊತ್ತಿಗೆ ಇಂಗಾಲದ ಎಳೆಯ ದೀಪ ಉರಿಸಿ ತೋರಿಸಿದ್ದರು. ಅವರಿಗಿಂತ ಮೊದಲೂ ಪ್ರಯತ್ನ ಪಟ್ಟವರು ಹಲವರು. ಎಡಿಸನ್ ಅವರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಜನರೇಟರು, ನೆಲದಡಿಯ ತಂತಿ, ಮೀಟರು ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಮನೆಗಳಿಗೆ ವಿದ್ಯುತ್ ಮುಟ್ಟಿಸಿದರು.

ಎರಡನೆಯದು, ಉಗಿಯಂತ್ರ ವಾಟ್ ಹುಟ್ಟುವ ಮೊದಲೇ ಇತ್ತು. ಗಣಿಯಿಂದ ನೀರೆತ್ತಲು ಥಾಮಸ್ ನ್ಯೂಕಾಮನ್ 1712ರಲ್ಲೇ ಅದನ್ನು ಓಡಿಸಿದ್ದರು. ಅದರಲ್ಲಿ ಒಂದೇ ಸಿಲಿಂಡರನ್ನು ಪ್ರತಿ ಸಲವೂ ಕಾಯಿಸಬೇಕು, ಮತ್ತೆ ನೀರು ಚಿಮ್ಮಿಸಿ ತಣ್ಣಗೆ ಮಾಡಬೇಕು. ಇದರಲ್ಲೇ ಕಲ್ಲಿದ್ದಲು ಸುಮ್ನೆ ಸುಟ್ಟುಹೋಗುತ್ತಿತ್ತು. ವಾಟ್ ಉಗಿಯನ್ನು ತಣಿಸಲು ಬೇರೆಯೇ ಒಂದು ಪಾತ್ರೆ ಇಟ್ಟರು, ಸಿಲಿಂಡರು ಬಿಸಿಯಾಗಿಯೇ ಉಳಿಯಿತು. 1769ರ ಪೇಟೆಂಟ್ ಇದಕ್ಕೆ ಸಿಕ್ಕಿದ್ದು.

ಕಬ್ಬಿಣದಪುಡಿ
ಕರಿಹಲಗೆ ಸರ್ ಹೇಳಿದ್ದು ಸರಿ, ಆದರೆ ಅರ್ಧಕ್ಕೇ ನಿಲ್ಲಿಸಿದಿರಿ. ಪೇಟೆಂಟ್ ಸಿಕ್ಕಿದ ಮೇಲೂ ವಾಟ್ ಯಂತ್ರ ಎಷ್ಟೋ ವರ್ಷ ಸರಿಯಾಗಿ ಓಡಲಿಲ್ಲ. ಯಾಕೆ ಗೊತ್ತಾ? ಸಿಲಿಂಡರ್ ದುಂಡಗೆ ಇರಲಿಲ್ಲ. ಪಿಸ್ಟನ್ನಿನ ಸುತ್ತ ಉಗಿ ಸೋರಿಹೋಗುತ್ತಿತ್ತು. ಫಿರಂಗಿ ಕೊರೆಯುತ್ತಿದ್ದ ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕೆಲಸದವರು ಕೊರೆಯುವ ಯಂತ್ರವನ್ನು ಹೊಸದಾಗಿ ಕಟ್ಟಿದರು. ಉಳಿ ಕೂರಿಸಿದ ದಂಡದ ಎರಡೂ ತುದಿಗೆ ಆಧಾರ ಕೊಟ್ಟರು. ಅಷ್ಟೇ. ದಂಡ ಜೋತುಬೀಳುವುದು ನಿಂತಿತು, ಸಿಲಿಂಡರ್ ನೆಟ್ಟಗೆ ಬಂತು. ಆ ಮೇಲೆಯೇ ವಾಟ್ ಯಂತ್ರ ಮಾರಾಟಕ್ಕೆ ಬಂದಿದ್ದು.

ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನು ನಾನು. ನನ್ನ ಆಯ್ಕೆ ಲೇತ್, ಹೆನ್ರಿ ಮಾಡ್ಸ್ಲಿ ಅವರು 1800ರ ಆಸುಪಾಸಿನಲ್ಲಿ ಮಾಡಿದ ತಿರುಪು ಕಡೆಯುವ ಲೇತ್. ಅದಕ್ಕೆ ಮೊದಲು ಒಂದು ಬೋಲ್ಟಿಗೆ ಮಾಡಿದ ನಟ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಬಿಚ್ಚಿದರೆ ಜೋಡಿ ಜೋಡಿಯಾಗಿ ಗುರುತು ಹಾಕಿ ಇಡಬೇಕಿತ್ತು. ಮಾಡ್ಸ್ಲಿ ಬಳಿ ಕೆಲಸ ಕಲಿತ ವಿಟ್ವರ್ತ್ 1841ರಲ್ಲಿ ತಿರುಪಿನ ಅಳತೆಗೆ ಒಂದು ನಿಯಮ ಕೊಟ್ಟರು. ಮಿಕ್ಕ ಯಂತ್ರಗಳೆಲ್ಲ ಹುಟ್ಟಿದ್ದು ಈ ಯಂತ್ರಗಳ ಹೊಟ್ಟೆಯಿಂದ. ತಾಯಿಯನ್ನು ಬಿಟ್ಟು ಮಕ್ಕಳನ್ನು ಹೊಗಳುವುದು ನ್ಯಾಯವಲ್ಲ.

ಬೆಣ್ಣೆಕಾಗದ
ಚಕ್ರ.

ಮರಳುಕಣ
ಚಕ್ರ ಯಾರು ಕಂಡುಹಿಡಿದರು ಅಂತ ಯಾರಿಗೂ ಗೊತ್ತಿಲ್ಲವಲ್ಲ. ಹೆಸರು ಹೇಳಬೇಕು ಅಂದಿದ್ದಾರೆ.

ಹೊಲದಬದು
ಹೆಸರು ನಾನು ಹೇಳುತ್ತೇನೆ. ಫ್ರಿಟ್ಜ್ ಹೇಬರ್ ಮತ್ತು ಕಾರ್ಲ್ ಬಾಷ್. ಗಾಳಿಯಿಂದ ಗೊಬ್ಬರ.

ಮಗುವಿನ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಡುತ್ತೇನೆ. ಇದು ಇಲ್ಲದೇ ಹೋಗಿದ್ದರೆ ಇವತ್ತಿರುವ ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಅನ್ನವೇ ಇರುತ್ತಿರಲಿಲ್ಲ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಗಿಡ ಅದರ ನಡುವೆಯೇ ನಿಂತಿರುತ್ತದೆ, ಆದರೆ ನೇರವಾಗಿ ತೆಗೆದುಕೊಳ್ಳಲಾರದು. ಸಾರಜನಕದ ಎರಡೆರಡು ಪರಮಾಣು ಒಂದನ್ನೊಂದು ಹಿಡಿದ ಹಿಡಿತ ಅಷ್ಟು ಬಿಗಿ. ಮೊದಲೆಲ್ಲ ಗೊಬ್ಬರಕ್ಕೆ ಸೆಗಣಿ, ದ್ವಿದಳ ಧಾನ್ಯದ ಬೇರು, ಹಕ್ಕಿಹಿಕ್ಕೆ, ಚಿಲಿ ದೇಶದ ಮರುಭೂಮಿಯ ಉಪ್ಪು ಇಷ್ಟೇ ದಿಕ್ಕು. ಹೇಬರ್ 1909ರಲ್ಲಿ ಸಾರಜನಕ, ಜಲಜನಕ ಎರಡನ್ನೂ ಭಾರಿ ಒತ್ತಡ, ಬಿಸಿ, ಒಂದು ವೇಗವರ್ಧಕದ ಸಹಾಯದಿಂದ ಕೂಡಿಸಿ ಗೊಬ್ಬರದ ಮೂಲವಾದ ಅಮೋನಿಯಾ ತೊಟ್ಟಿಕ್ಕಿಸಿ ತೋರಿಸಿದರು. ಬಾಷ್ ಅದನ್ನು ಕಾರ್ಖಾನೆಗೆ ತಂದರು. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಶುರುವಾಯಿತು.

ಕಬ್ಬಿಣದಪುಡಿ ಅಣ್ಣನಿಗೆ ಇಷ್ಟವಾಗುವ ಒಂದು ವಿಷಯ ಇದೆ. ಬಾಷ್ ಅವರ ಉಕ್ಕಿನ ಕೊಳವೆಗಳು ಕೆಲವೇ ದಿನಕ್ಕೆ ಸಿಡಿಯುತ್ತಿದ್ದವು. ಜಲಜನಕ ಉಕ್ಕಿನೊಳಗೆ ನುಗ್ಗಿ ಅದರ ಇಂಗಾಲವನ್ನೇ ತಿಂದುಹಾಕುತ್ತಿತ್ತು. ಬಾಷ್ ಒಳಗೆ ಮೆತುಕಬ್ಬಿಣದ ಪದರ ಹಾಕಿದರು, ಹೊರಗಿನ ಉಕ್ಕಿಗೆ ಸಣ್ಣ ಸಣ್ಣ ತೂತು ಕೊರೆದರು. ಒಳಪದರ ದಾಟಿ ಬಂದ ಜಲಜನಕ ತೂತಿನಿಂದ ಹೊರಗೆ ಹೋಯಿತು, ಉಕ್ಕು ಉಳಿಯಿತು.

ಯೂರಿಯಾ ಹರಳನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಿದ್ದೀರಾ? ಅಂಗೈ ತಣ್ಣಗೆ ಕೊರೆಯುತ್ತದೆ. ಕರಗುವಾಗ ಕೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಳದಿ ತಿರುಗಿದ ಪೈರಿಗೆ ಹಾಕಿ ನಾಲ್ಕು ದಿನ ಬಿಟ್ಟು ಬದುವಿನ ಮೇಲೆ ನಿಂತರೆ ಹಸಿರು ಎದ್ದು ಬಂದಿರುತ್ತದೆ. ಪ್ರತಿ ಸಲ ನೋಡಿದಾಗಲೂ ನನಗೆ ಆ ಇಬ್ಬರ ನೆನಪಾಗುತ್ತದೆ.

ಇಬ್ಬನಿ
ಹೇಬರ್ ಹೆಸರು ಹೇಳುವಾಗ ಇನ್ನೊಂದು ಪುಟವನ್ನೂ ಓದಬೇಕು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಕ್ಲೋರಿನ್ ವಿಷಾನಿಲ ಬಿಡಿಸಿದ್ದೂ ಇವರೇ. ಮುಂದೆ ನಿಂತು ಮಾಡಿಸಿದರು. ಅವರ ಹೆಂಡತಿ ಕ್ಲಾರಾ ಇಮ್ಮರ್ವಾರ್ ಸ್ವತಃ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಮರುತಿಂಗಳೇ ಜೀವ ತೆಗೆದುಕೊಂಡರು. ಅಮೋನಿಯಾದಿಂದ ಗೊಬ್ಬರ ಮಾತ್ರ ಆಗಲಿಲ್ಲ, ಆ ಯುದ್ಧದ ಸಿಡಿಮದ್ದೂ ಆಯಿತು. ಒಂಬತ್ತನೇ ತರಗತಿಯ ಹುಡುಗಿ ಈ ಹೆಸರನ್ನು ಹೊಗಳಿ ಕೆಳಗಿಳಿಯುವುದು ನನಗೆ ಒಪ್ಪಿಗೆಯಿಲ್ಲ.

ಹೊಲದಬದು
ಅಕ್ಕ, ಪ್ರಶ್ನೆ "ಯಾರು ಒಳ್ಳೆಯವರು" ಅಂತಲ್ಲ, "ಯಾವುದು ಹೆಚ್ಚು ಬದಲಿಸಿತು" ಅಂತ. ಆದರೂ ನಿಮ್ಮ ಮಾತು ತಳ್ಳಿಹಾಕಲಾರೆ. ಗೊಬ್ಬರ ಜಾಸ್ತಿ ಸುರಿದು ಕೆರೆ, ಕಡಲು ಪಾಚಿಗಟ್ಟುತ್ತಿರುವುದೂ ನಿಜ. ಬೇಕಿದ್ದರೆ ಹೇಬರ್ ಬಿಟ್ಟು ಬಾಷ್ ಹೆಸರು ಹೇಳಲಿ.

ಬೆಣ್ಣೆಕಾಗದ
ಕೆಟ್ಟದ್ದಕ್ಕೆ ಬದಲಿಸಿದವರ ಲೆಕ್ಕ ಹಾಕುವುದಾದರೆ ಥಾಮಸ್ ಮಿಡ್ಗ್ಲಿ. ಪೆಟ್ರೋಲಿಗೆ ಸೀಸ ಬೆರೆಸಬಹುದು ಎಂದು 1921ರಲ್ಲಿ ತೋರಿಸಿದರು. ಆಮೇಲೆ ಫ್ರಿಜ್ಜನ್ನು ತಣ್ಣಗಿಡುವ ಸಿಎಫ್‌ಸಿ ಎಂಬ ಅನಿಲ ಕೊಟ್ಟರು. ಒಂದು ಮಕ್ಕಳ ರಕ್ತಕ್ಕೆ ಸೀಸ ಸೇರಿಸಿತು, ಇನ್ನೊಂದು ಓಜೋನ್ ಪದರವನ್ನು ತೆಳುಮಾಡಿತು. ಸೀಸದ ಪೆಟ್ರೋಲು ಜಗತ್ತಿನ ಬಂಕುಗಳಲ್ಲಿ ಪೂರ್ತಿ ನಿಂತಿದ್ದು 2021ರಲ್ಲಿ. ನೂರು ವರ್ಷ!

ಕರಿಹಲಗೆ
ನಿಜ. ಆದರೆ ಓಜೋನ್ ವಿಷಯದಲ್ಲಿ, ಆ ಅನಿಲಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದ ಕೆಲಸ ಮಾಡಿತು ಅನ್ನುವುದನ್ನೂ ಮಕ್ಕಳಿಗೆ ಹೇಳಿ. ತಪ್ಪು ತಿದ್ದಿಕೊಳ್ಳಲು ಆಗುತ್ತದೆ ಅಂತ ಗೊತ್ತಾಗಲಿ.

ರಾತ್ರಿಪಾಳಿ
ಇಷ್ಟು ಹೊತ್ತಾದರೂ ಯಾರೂ ಆಸ್ಪತ್ರೆ ಕಡೆ ತಿರುಗಲಿಲ್ಲ ಅಲ್ವಾ? ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ನನ್ನ ಉತ್ತರ ಓಆರ್‌ಎಸ್. ಉಪ್ಪು, ಸಕ್ಕರೆ, ನೀರು.

ಭೇದಿಯಾಗಿ ಬಂದ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡುತ್ತೇವೆ. ಚೆನ್ನಾಗಿರುವ ಮಗುವಿನ ಚರ್ಮ ತಕ್ಷಣ ಹಿಂದಕ್ಕೆ ಹೋಗುತ್ತದೆ. ನೀರು ಬತ್ತಿದ ಮಗುವಿನದು ಹಾಗೇ ಮಡಿಕೆಯಾಗಿ ನಿಂತಿರುತ್ತದೆ. ಕಣ್ಣು ಗುಳಿಬಿದ್ದಿರುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ. ಆ ತಾಯಿಯ ಕೈಗೆ ಲೋಟ ಮತ್ತು ಚಮಚ ಕೊಟ್ಟು ಕೂರಿಸುತ್ತೇವೆ. ಒಂದೊಂದೇ ಚಮಚ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಕೆಲವು ಗಂಟೆ ಕಳೆದ ಮೇಲೆ ಮಗು ಮೂತ್ರ ಮಾಡುತ್ತದೆ. ಆಗ ವಾರ್ಡಿನಲ್ಲಿ ನಮಗೆಲ್ಲ ಜೀವ ಬಂದ ಹಾಗಾಗುತ್ತದೆ.

ಭೇದಿಯಾದಾಗ ಬರೀ ನೀರು ಕೊಟ್ಟರೆ ಕರುಳು ಸರಿಯಾಗಿ ಹೀರುವುದಿಲ್ಲ. ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಇದನ್ನು 1960ರಲ್ಲಿ ರಾಬರ್ಟ್ ಕ್ರೇನ್ ವಿವರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ, ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿದುಹೋದವು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ ಇಟ್ಟರು. ರೋಗಿಗಳ ಮನೆಯವರೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಈ ಶತಮಾನದ ವೈದ್ಯಕೀಯದಲ್ಲಿ ಬಹುಶಃ ಇದೇ ಎಲ್ಲಕ್ಕಿಂತ ಮುಖ್ಯ ಎಂದು ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ ಬರೆಯಿತು.

ಮಿಂಚುಹುಳ
ರಾತ್ರಿಪಾಳಿ ಅಕ್ಕ, ಮಗಳಿಗೆ ಓದಿ ಹೇಳಿದೆ. ಚರ್ಮ ಎತ್ತಿ ಬಿಡುವ ವಿಷಯ ಕೇಳಿ ತನ್ನ ಕೈಮೇಲೆ ಮಾಡಿಕೊಂಡು ನೋಡಿದಳು.

ಮರಳುಕಣ
ಮನಸ್ಸಿಗೆ ತಟ್ಟಿತು ಅಕ್ಕ. ಆದರೂ ವಾದ ಬಿಡಲಾರೆ. ಓಆರ್‌ಎಸ್ ಒಂದು ಕಾಯಿಲೆಯ ಕಥೆ. ಟ್ರಾನ್ಸಿಸ್ಟರ್ ಎಲ್ಲದರ ಕಥೆ.

1947ರ ಡಿಸೆಂಬರ್, ಅಮೆರಿಕದ ಬೆಲ್ ಲ್ಯಾಬ್ಸ್. ಅಲ್ಲಿನ ವಿಜ್ಞಾನಿ ಬ್ರಾಟೈನ್ ಒಂದು ಪ್ಲಾಸ್ಟಿಕ್ ತ್ರಿಕೋನದ ಅಂಚಿಗೆ ಚಿನ್ನದ ಹಾಳೆ ಸುತ್ತಿದರು. ತುದಿಯಲ್ಲಿ ಬ್ಲೇಡಿನಿಂದ ಸಣ್ಣಗೆ ಸೀಳಿದರು. ಚಿನ್ನ ಎರಡಾಯಿತು, ನಡುವೆ ಕೂದಲೆಳೆಯಷ್ಟು ಸಂದು. ಅದನ್ನು ಸ್ಪ್ರಿಂಗಿನಿಂದ ಜರ್ಮೇನಿಯಂ ತುಂಡಿನ ಮೇಲೆ ಒತ್ತಿ ಹಿಡಿದರು. ಒಂದು ಕಡೆ ಕೊಟ್ಟ ಸಣ್ಣ ಸಂಕೇತ ಇನ್ನೊಂದು ಕಡೆ ದೊಡ್ಡದಾಗಿ ಬಂತು. ಅಷ್ಟು ಒರಟಾದ ವಸ್ತುವಿನಿಂದ ಶುರುವಾಗಿದ್ದು ಇವತ್ತು ಉಗುರಿನಷ್ಟು ಜಾಗದಲ್ಲಿ ನೂರಾರು ಕೋಟಿ ಹಿಡಿಸುತ್ತದೆ. ನಿಮ್ಮ ವಾರ್ಡಿನ ಮಾನಿಟರ್, ಕಬ್ಬಿಣದಪುಡಿ ಸರ್ ಅವರ ಈಗಿನ ಲೇತ್, ಹವಾಮಾನದ ಉಪಗ್ರಹ ಯಾವುದೂ ಅದಿಲ್ಲದೆ ಇಲ್ಲ.

ಕಬ್ಬಿಣದಪುಡಿ
ಆ ಬ್ಲೇಡು ಎಲ್ಲಿಂದ ಬಂತು ಮರಳುಕಣ ಅವರೇ?

ಮೊಳೆಜೋಡಣೆ
ತಡವಾಗಿ ಬಂದೆ, ಕ್ಷಮಿಸಿ. ಯುರೋಪಿಗೆ ಅಚ್ಚುಕಲೆ ಕೊಟ್ಟ ಜರ್ಮನಿಯ ಗುಟೆನ್‌ಬರ್ಗ್ ಹೆಸರು ಇನ್ನೂ ಬಂದಿಲ್ಲ ಅನ್ನುವುದೇ ಆಶ್ಚರ್ಯ. ನೀವೆಲ್ಲ ಹೇಳಿದ್ದು ನಿಮಗೆ ಗೊತ್ತಾಗಿದ್ದು ಹೇಗೆ? ಓದಿ. ಓದಲು ಸಿಕ್ಕಿದ್ದು ಹೇಗೆ? ಅಚ್ಚಾಗಿದ್ದರಿಂದ.

ನಾನು ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿದವನು. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಹಿಡಿಯುವ ಸ್ಟಿಕ್ಕು, ಬಲಗೈ ಅಕ್ಷರದ ಮನೆಗಳ ಮೇಲೆ ಓಡುತ್ತಿತ್ತು. ಯಾವ ಮನೆಯಲ್ಲಿ ಯಾವ ಒತ್ತಕ್ಷರ ಅಂತ ಕೈಗೇ ಗೊತ್ತು. ಪ್ರತಿ ಮೊಳೆಯ ಒಂದು ಬದಿಗೆ ಒಂದು ಗೀರು ಇರುತ್ತದೆ. ಹೆಬ್ಬೆರಳಿಗೆ ಆ ಗೀರು ತಾಗಿದರೆ ಮೊಳೆ ನೆಟ್ಟಗಿದೆ ಎಂದು ಲೆಕ್ಕ, ನೋಡಬೇಕಾಗಿಲ್ಲ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಈಗಲೂ ತಿರುಗಿಸಿ ಹಿಡಿದ ಪುಟವನ್ನು ನಾನು ಸರಾಗವಾಗಿ ಓದುತ್ತೇನೆ.

ಗುಟೆನ್‌ಬರ್ಗ್ ಅವರ ದೊಡ್ಡ ಕೆಲಸ ಒತ್ತುವ ಯಂತ್ರವಲ್ಲ, ಮೊಳೆ ಎರೆಯುವ ಅಚ್ಚು. ಅಗಲದ ಅಕ್ಷರಕ್ಕೆ ಅಗಲ, ಕಿರಿದಕ್ಕೆ ಕಿರಿದು, ಆದರೆ ಎತ್ತರ ಮಾತ್ರ ಎಲ್ಲಕ್ಕೂ ಒಂದೇ. ಎತ್ತರ ಕೂದಲೆಳೆ ತಪ್ಪಿದರೂ ಅಕ್ಷರ ಮೂಡುವುದಿಲ್ಲ ಅಥವಾ ಕಾಗದ ಹರಿಯುತ್ತದೆ. ಸೀಸ, ತವರ, ಆಂಟಿಮನಿ ಬೆರೆಸಿದ ಲೋಹ. ಅಂಟಿ ನಿಲ್ಲುವ ಎಣ್ಣೆಮಸಿ. 1455ರ ಹೊತ್ತಿಗೆ ಸುಮಾರು 180 ಬೈಬಲ್ ಪ್ರತಿ ಅಚ್ಚಾದವು. ಅದೇ ವರ್ಷ ಸಾಲ ಕೊಟ್ಟಿದ್ದ ಫುಸ್ಟ್ ದಾವೆ ಹೂಡಿ ಗೆದ್ದರು, ಬೈಬಲ್ ಅಚ್ಚಿನ ಸಾಮಾನು ಅವರ ಪಾಲಾಯಿತು. ಮಾಡಿದವರಿಗೆ ಹೆಚ್ಚೇನೂ ದಕ್ಕಲಿಲ್ಲ. ಆದರೆ 1500ರೊಳಗೆ ಯುರೋಪಿನ 200ಕ್ಕೂ ಹೆಚ್ಚು ಊರುಗಳಲ್ಲಿ ಅಚ್ಚುಕೂಟ ಎದ್ದಿತ್ತು.

ಕರಿಹಲಗೆ
ಮೊಳೆಜೋಡಣೆ ಸರ್, ತುಂಬಾ ಚೆನ್ನಾಗಿ ಹೇಳಿದಿರಿ. ಆದರೆ ಬಿಡಿ ಮೊಳೆಯ ಯೋಚನೆ ಅವರದಲ್ಲ. ಚೀನಾದ ಬಿ ಶೆಂಗ್ 1040ರ ದಶಕದಲ್ಲಿ ಸುಟ್ಟ ಮಣ್ಣಿನ ಮೊಳೆ ಮಾಡಿದ್ದರು. ಕೊರಿಯಾದಲ್ಲಿ ಲೋಹದ ಮೊಳೆಯಿಂದ ಅಚ್ಚಾದ ಜಿಕ್ಜಿ ಎಂಬ ಬೌದ್ಧ ಗ್ರಂಥ 1377ರದು, ಅದು ಇಂದಿಗೂ ಇದೆ.

ಮೊಳೆಜೋಡಣೆ
ಒಪ್ಪುತ್ತೇನೆ. ಆದರೆ ಚೀನೀ ಲಿಪಿಗೆ ಸಾವಿರಾರು ಮೊಳೆ ಬೇಕು. ಅಷ್ಟನ್ನು ಎರೆದು, ಹುಡುಕಿ, ಜೋಡಿಸಿ, ಮತ್ತೆ ಮನೆಗೆ ಹಾಕುವ ಹೊತ್ತಿಗೆ ಮರದ ಹಲಗೆ ಕೆತ್ತುವುದೇ ಸುಲಭ. ಕಡಿಮೆ ಅಕ್ಷರದ ಲಿಪಿ ಸಿಕ್ಕಿದ್ದು ಗುಟೆನ್‌ಬರ್ಗ್ ಅವರ ಅದೃಷ್ಟ. ಅವರ ಕೈಚಳಕವನ್ನು ಅದು ಕಡಿಮೆ ಮಾಡುವುದಿಲ್ಲ.

ಇಬ್ಬನಿ
ಕಾಗದ ಇಲ್ಲದಿದ್ದರೆ ಯಾವುದರ ಮೇಲೆ ಅಚ್ಚು ಒತ್ತುತ್ತಿದ್ದರು? ಆ ಬೈಬಲಿನ ಕೆಲವು ಪ್ರತಿ ಚರ್ಮದ ಹಾಳೆಯ ಮೇಲಿವೆ. ಒಂದೊಂದಕ್ಕೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಿತ್ತು. ಚೀನಾದ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಮರದ ತೊಗಟೆ, ನಾರು, ಹಳೇ ಬಟ್ಟೆ, ಮೀನುಬಲೆಯಿಂದ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದರು. ನನ್ನ ಮತ ಅವರಿಗೆ.

ಶೂನ್ಯದಿಂದ
ಸೊನ್ನೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಅದನ್ನು ಕೂಡುವ, ಕಳೆಯುವ, ಗುಣಿಸುವ ನಿಯಮ ಬರೆದರು. ಮರಳುಕಣ ಅವರ ಟ್ರಾನ್ಸಿಸ್ಟರು ಎಣಿಸುವುದು ಸೊನ್ನೆ ಮತ್ತು ಒಂದನ್ನೇ.

ಮರಳುಕಣ
ಸೊನ್ನೆ ಆವಿಷ್ಕಾರವೋ, ವಿಚಾರವೋ? ವಸ್ತು ಅಲ್ಲವಲ್ಲ.

ಶೂನ್ಯದಿಂದ
ಬರೆಯುವ ಪದ್ಧತಿಯೂ ಒಂದು ಸಲಕರಣೆಯೇ. ರೋಮನ್ ಅಂಕಿಯಲ್ಲಿ ಒಂದು ದೊಡ್ಡ ಗುಣಾಕಾರ ಮಾಡಿ ನೋಡಿ. XLVIII ಅನ್ನು XXXVII ಇಂದ ಗುಣಿಸಿ. ಮಗಳಿಗೂ ಮಾಡಲು ಹೇಳಿ. ಐದು ನಿಮಿಷದ ಭಾಷಣಕ್ಕಿಂತ ಅದು ಚೆನ್ನಾಗಿ ಅರ್ಥ ಮಾಡಿಸುತ್ತದೆ.

ಒಗೆದಹಾಕು
ಎಲ್ಲರೂ ಪ್ರಯೋಗಾಲಯ, ಕಾರ್ಖಾನೆ ಅನ್ನುತ್ತಿದ್ದೀರಿ. ಬಟ್ಟೆ ಒಗೆಯುವ ಮಿಷಿನ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನೀರು ಹೊರಬೇಕು, ಕಾಯಿಸಬೇಕು, ನೆನೆಸಬೇಕು, ಉಜ್ಜಬೇಕು, ಹಿಂಡಬೇಕು. ಒದ್ದೆಯಾದ ದಪ್ಪ ಹೊದಿಕೆಯನ್ನು ಇಬ್ಬರು ಎರಡು ಕಡೆ ಹಿಡಿದು ತಿರುಚಿದರೂ ನೀರು ಪೂರ್ತಿ ಹೋಗುವುದಿಲ್ಲ. ನನ್ನ ಅಮ್ಮನ ಬೆರಳ ಗೆಣ್ಣುಗಳು ಚಳಿಗಾಲದಲ್ಲಿ ಸೀಳಿ ರಕ್ತ ಬರುತ್ತಿತ್ತು. ವಾರಕ್ಕೆ ಒಂದು ಪೂರ್ತಿ ದಿನ ಇದಕ್ಕೇ. ಮಿಷಿನ್ ಬಂದ ಮೇಲೆ ಅಮ್ಮ ಆ ಹೊತ್ತಿನಲ್ಲಿ ಓದಲು ಶುರುಮಾಡಿದರು. ಮೊಳೆಜೋಡಣೆ ಸರ್, ಪುಸ್ತಕ ಇದ್ದರೆ ಸಾಲದು. ಓದಲು ಬಿಡುವೂ ಬೇಕು.

ಮೊಳೆಜೋಡಣೆ
ಈ ಮಾತಿಗೆ ನನ್ನ ಬಳಿ ಉತ್ತರ ಇಲ್ಲ ತಾಯಿ. ಸರಿಯಾಗಿ ಹೇಳಿದಿರಿ.

ಬೆಣ್ಣೆಕಾಗದ
ಸೀಟ್ ಬೆಲ್ಟ್ ಕೂಡ ಸೇರಿಸಿ. ಮೂರು ಕಡೆ ಹಿಡಿಯುವ ಬೆಲ್ಟು, ನಿಲ್ಸ್ ಬೋಲಿನ್, 1959. ವೋಲ್ವೊ ಕಂಪನಿ ಪೇಟೆಂಟನ್ನು ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು.

ಇಬ್ಬನಿ
ಪೆನಿಸಿಲಿನ್ ಯಾರೂ ಹೇಳಲಿಲ್ಲವಲ್ಲ? ಫ್ಲೆಮಿಂಗ್.

ರಾತ್ರಿಪಾಳಿ
ಫ್ಲೆಮಿಂಗ್ 1928ರಲ್ಲಿ ರೋಗಾಣು ಕೊಲ್ಲುವ ಬೂಷ್ಟು ನೋಡಿದರು, ನಿಜ. ಅದನ್ನು ಔಷಧಿ ಮಾಡಲು ಅವರಿಂದ ಆಗಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್, ಹೀಟ್ಲಿ ಕೈಗೆತ್ತಿಕೊಂಡರು. ಯುದ್ಧಕಾಲ, ಪಾತ್ರೆ ಸಿಗುತ್ತಿರಲಿಲ್ಲ. ನಾರ್ಮನ್ ಹೀಟ್ಲಿ ಆಸ್ಪತ್ರೆಯ ಬೆಡ್‌ಪ್ಯಾನುಗಳಲ್ಲಿ ಬೂಷ್ಟು ಬೆಳೆಸಿದರು. 1941ರಲ್ಲಿ ಸೋಂಕಿನಿಂದ ಸಾಯುತ್ತಿದ್ದ ಒಬ್ಬ ಪೊಲೀಸ್ ಪೇದೆಗೆ ಕೊಟ್ಟರು. ಆತ ಚೇತರಿಸಿಕೊಳ್ಳತೊಡಗಿದ. ಔಷಧಿ ಮುಗಿಯುತ್ತಾ ಬಂತು. ಆತನ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರು. ಕೊನೆಗೆ ಅದೂ ಮುಗಿಯಿತು, ಆತ ತೀರಿಕೊಂಡ. 1945ರ ನೊಬೆಲ್ ಮೂವರಿಗೆ ಬಂತು. ಹೀಟ್ಲಿ ಅದರಲ್ಲಿ ಇರಲಿಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಕಬ್ಬಿಣದಪುಡಿ
ನಾನು ವಿಲ್ಕಿನ್ಸನ್ ಅಂದೆ, ಹೊಲದಬದು ಬಾಷ್ ಅಂದರು, ನೀವು ಹೀಟ್ಲಿ ಅನ್ನುತ್ತಿದ್ದೀರಿ. ಮೂವರೂ ಮೊದಲು ಯೋಚಿಸಿದವರಲ್ಲ. ಯೋಚನೆಯನ್ನು ನಾಲ್ಕು ಜನರ ಕೈಗೆ ಸಿಗುವ ಹಾಗೆ ಮಾಡಿದವರು. ನನ್ನ ಮಟ್ಟಿಗೆ ಜಗತ್ತು ಬದಲಾಗುವುದು ಆ ಎರಡನೇ ಹೆಜ್ಜೆಯಲ್ಲಿ.

ಕರಿಹಲಗೆ
ಅಷ್ಟು ಸುಲಭವಾಗಿ ಒಪ್ಪಲಾರೆ. 1831ರಲ್ಲಿ ಫ್ಯಾರಡೇ ತಂತಿಯ ಸುರುಳಿಯೊಳಗೆ ಅಯಸ್ಕಾಂತ ನುಗ್ಗಿಸಿದಾಗ ವಿದ್ಯುತ್ ಹುಟ್ಟಿ ಮಾಪಕದ ಮುಳ್ಳು ಅಲುಗಿದ್ದನ್ನು ನೋಡದಿದ್ದರೆ, ಪರ್ಲ್ ಸ್ಟ್ರೀಟಿನಲ್ಲಿ ಮುಟ್ಟಿಸಲು ಏನಿತ್ತು?

ಕಬ್ಬಿಣದಪುಡಿ
ಫ್ಯಾರಡೇ ಆ ಸುರುಳಿಯನ್ನು ತನ್ನ ಕೈಯಾರೆ, ಪದರ ಪದರಕ್ಕೆ ಬಟ್ಟೆ ಕೊಟ್ಟು ಸುತ್ತಿದವರು ಸರ್. ಅವರು ನಮ್ಮವರೇ.

ಮಿಂಚುಹುಳ
ಮಗಳು ನಿರ್ಧಾರ ಮಾಡಿದಳು. ಓಆರ್‌ಎಸ್. ಕಾರಣ ಕೇಳಿದೆ. "ಬೇರೆ ಎಲ್ಲದಕ್ಕೂ ಯಂತ್ರ ಬೇಕು ಅಮ್ಮ, ಇದನ್ನು ಶಿಬಿರದಲ್ಲಿ ಅಮ್ಮಂದಿರೇ ಕುಡಿಸಿದರಂತೆ" ಎಂದಳು. ವೇದಿಕೆ ಮೇಲೆ ಒಂದು ಲೋಟ ನೀರು, ಒಂದು ಚಮಚ ಇಟ್ಟುಕೊಂಡು ಮಾತಾಡುತ್ತಾಳಂತೆ. ಅಳತೆ ತಪ್ಪಬಾರದು, ರಾತ್ರಿಪಾಳಿ ಅಕ್ಕ ಹೇಳಿ.

ರಾತ್ರಿಪಾಳಿ
ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ತಲೆತಟ್ಟಿ ಸಮ ಮಾಡಿದ ಚಮಚ, ರಾಶಿಯಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಪೊಟ್ಟಣ ಸಿಗುವ ಕಡೆ ಪೊಟ್ಟಣವೇ ಒಳ್ಳೆಯದು ಅಂತಲೂ ಅವಳು ಹೇಳಲಿ. ಮಹಾಲನಬಿಸ್ ಹೆಸರು ಮರೆಯದೆ ಹೇಳಲಿ. ಅವರು ತೀರಿಕೊಂಡಿದ್ದು 2022ರಲ್ಲಿ, ತುಂಬಾ ಜನಕ್ಕೆ ಗೊತ್ತೇ ಇಲ್ಲ.

ದಾರದುಂಡೆ
ಇಡೀ ಚರ್ಚೆ ಓದಿದೆ. ಸೂಜಿ ಎಲ್ಲಿ? 40,000 ವರ್ಷಕ್ಕೂ ಹಳೆಯ ಮೂಳೆ ಸೂಜಿ ಸೈಬೀರಿಯಾದ ಗುಹೆಯಲ್ಲಿ ಸಿಕ್ಕಿದೆ, ಕಣ್ಣು ಸಮೇತ. ಮೈಗೆ ಅಂಟುವ ಹಾಗೆ ಚರ್ಮ ಹೊಲಿಯದೆ ಆ ಚಳಿಯಲ್ಲಿ ಒಂದು ಚಳಿಗಾಲ ಬದುಕಲಾಗದು. ಅಷ್ಟು ಚಿಕ್ಕ ಕಣ್ಣನ್ನು ಕಲ್ಲಿನ ಮೊನೆಯಿಂದ, ಮೂಳೆ ಸೀಳದ ಹಾಗೆ ಕೊರೆದವರ ಹೆಸರು ಗೊತ್ತಿಲ್ಲ ಅಂತ ಬಿಟ್ಟುಬಿಡುವುದಾ?

ಕಬ್ಬಿಣದಪುಡಿ
ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಕೊರೆದಿರಬೇಕು. ಒಂದೇ ಕಡೆಯಿಂದ ಒತ್ತಿದರೆ ಮೂಳೆ ಸೀಳುತ್ತದೆ. ನಾಳೆ ಒಂದು ಮೂಳೆ ತಂದು ಮಾಡಿ ನೋಡುತ್ತೇನೆ, ಫೋಟೊ ಹಾಕುತ್ತೇನೆ.